ಧೂಳು ಯಾವುದು, ಮಳೆ ಯಾವುದು: ಹಳೇ ರೀಲುಗಳ ಜೊತೆ ನನ್ನ ಅನುಭವ

ಹಳೇ ಸಿನಿಮಾ ರೀಲು ಕೈಗೆ ಬಂದ ತಕ್ಷಣ, ಕಂಪ್ಯೂಟರ್‌ನಲ್ಲಿ ಸರಿಪಡಿಸಲು ಸ್ಕ್ಯಾನರ್‌ಗೆ ಏರಿಸಿಬಿಡೋಣ ಅನ್ನಿಸುತ್ತದೆ. ನಾವು ಹಾಗೆ ಮಾಡುವುದಿಲ್ಲ. ಡಬ್ಬ ತೆರೆಯುವಾಗಲೇ ಎಲ್ಲರೂ ಮೇಜಿನ ಸುತ್ತ ಇರಬೇಕು. ರಸಾಯನಶಾಸ್ತ್ರ ಓದಿದವರು, ವರ್ಷಗಟ್ಟಲೆ ಪ್ರೊಜೆಕ್ಟರ್ ಓಡಿಸಿದವರು, ಸಿನಿಮಾ ಇತಿಹಾಸ ಬಲ್ಲವರು, ಸಾಫ್ಟ್‌ವೇರ್‌ನವರು, ಧ್ವನಿ ನೋಡಿಕೊಳ್ಳುವವರು. ಸ್ಕ್ಯಾನಿಂಗ್ ಮತ್ತು ಬಣ್ಣ ನನ್ನ ಪಾಲಿನ ಕೆಲಸ.

ವಿನೆಗರ್ ವಾಸನೆ ಮೂಗಿಗೆ ಬಡಿದರೆ ಅಸಿಟೇಟ್ ಎಂಬ ಪ್ಲಾಸ್ಟಿಕ್‌ನಿಂದ ಮಾಡಿದ ಫಿಲ್ಮ್ ಹಾಳಾಗತೊಡಗಿದೆ ಎಂದು ಲೆಕ್ಕ. ಅದರಿಂದ ಹೊರಬರುವ ಆಮ್ಲವೇ ಹಾಳಾಗುವುದನ್ನು ಇನ್ನೂ ಜೋರು ಮಾಡುತ್ತದೆ. ಹಾಗಾಗಿ ಅಂಥ ರೀಲನ್ನು ಮೊದಲು ಬೇರೆ ಇಡುತ್ತೇವೆ. ಮೂಗನ್ನೇ ನಂಬಿ ಕೂರಲಾಗದು, ಡಬ್ಬದೊಳಗೆ ಆಮ್ಲ ತಗುಲಿದರೆ ಬಣ್ಣ ಬದಲಿಸುವ ಕಾಗದದ ಪಟ್ಟಿ ಇಡುತ್ತೇವೆ. ನೀಲಿ ಪಟ್ಟಿ ಹಸಿರಾಗಿ, ಹಳದಿಗೆ ತಿರುಗಿದಷ್ಟೂ ಅವಸರ ಜಾಸ್ತಿ. ಫಿಲ್ಮ್ ಕುಗ್ಗಿದೆಯೇ ಎಂದೂ ಅಳೆಯಬೇಕು. ಶೇ. 1ರಷ್ಟು ಕುಗ್ಗಿದರೂ ಹಲ್ಲಿನ ಚಕ್ರಕ್ಕೆ ಸಿಕ್ಕಿ ಅಂಚಿನ ತೂತು ಹರಿಯುವ ಭಯವಿದೆ. ಆಗ ಹಲ್ಲಿಲ್ಲದ ರೋಲರ್‌ಗಳ ಸ್ಕ್ಯಾನರೇ ಗತಿ.

ರೀಲು ಯಾವ ಕಾಲದ್ದು? ಕೊಡಾಕ್ ಫಿಲ್ಮ್ ಆದರೆ ಅಂಚಿನಲ್ಲಿ ವೃತ್ತ, ಚೌಕ, ತ್ರಿಕೋನದ ಗುರುತುಗಳಿರುತ್ತವೆ. ಆದರೆ ಆ ಗುರುತುಗಳು 20 ವರ್ಷಕ್ಕೊಮ್ಮೆ ಮರಳಿ ಬರುತ್ತಿದ್ದವು. 1942 ಅಂತ ಓದಬೇಕೋ 1962 ಅಂತಲೋ? ಅಲ್ಲಿ ನನ್ನ ಯಂತ್ರ ಕೈಚೆಲ್ಲುತ್ತದೆ. ಇತಿಹಾಸದವರು ಚಿತ್ರದಲ್ಲಿರುವ ಕಾರು, ಉಡುಪು ನೋಡಿ ಹೇಳುತ್ತಾರೆ.

ನಿಜವಾದ ಚರ್ಚೆ ಶುರುವಾಗುವುದು ಧೂಳಿನಿಂದ. ಪರದೆಯ ಮೇಲೆ ಚುಕ್ಕೆ ಕಪ್ಪಗಿದ್ದರೆ ಧೂಳು ಈ ಪ್ರಿಂಟ್ ಮೇಲೇ ಕೂತಿದೆ, ಒರೆಸಿದರೆ ಹೋದೀತು. ಬೆಳ್ಳಗಿದ್ದರೆ ಅದು ನೆಗೆಟಿವ್, ಅಂದರೆ ಪ್ರಿಂಟ್ ತೆಗೆಯಲು ಬಳಸಿದ ಫಿಲ್ಮ್, ಮೇಲಿದ್ದ ಧೂಳು. ಪ್ರಿಂಟ್ ಹಾಕುವಾಗ ಬೆಳಕಿಗೆ ಅಡ್ಡ ಬಂದು ಚಿತ್ರದೊಳಗೇ ಸೇರಿಹೋಗಿದೆ. ಅದನ್ನು ಎಷ್ಟು ತೊಳೆದರೂ ಹೋಗಲ್ಲ, ಕಂಪ್ಯೂಟರ್‌ನಲ್ಲೇ ತೆಗೆಯಬೇಕು.

ಕಂಪ್ಯೂಟರ್‌ಗೆ ತಿಳಿಯುವುದು ಒಂದೇ ಸೂತ್ರ: ಒಂದೇ ಫ್ರೇಮ್‌ನಲ್ಲಿ ಕಂಡು, ಹಿಂದೆ ಮುಂದೆ ಕಾಣದಿದ್ದರೆ ಅದು ಧೂಳು. ಒಂದು ರಾತ್ರಿಯ ಮಳೆ ದೃಶ್ಯವನ್ನು ಪರೀಕ್ಷೆಗೆಂದು ಓಡಿಸಿದೆವು. ಚಿತ್ರ ಸ್ವಚ್ಛವಾಗಿತ್ತು, ಹೊಳೆಯುತ್ತಿತ್ತು. ಪ್ರೊಜೆಕ್ಟರ್‌ನ ಹಿರಿಯರು ಮಾತ್ರ, ‘ಮಳೆ ಎಲ್ಲಿ ಹೋಯ್ತು?’ ಎಂದರು. ದೀಪದ ಮುಂದೆ ಹೊಳೆದು ಮಾಯವಾಗುತ್ತಿದ್ದ ಹನಿಗಳನ್ನೆಲ್ಲ ಸಾಫ್ಟ್‌ವೇರ್ ನುಂಗಿತ್ತು. ಈಗ ಮಳೆ, ಕಿಡಿ, ಹಾರುವ ಹಕ್ಕಿ ಇರುವ ಕಡೆ ಆ ಭಾಗವನ್ನು ಮುಚ್ಚಿಟ್ಟು ಫ್ರೇಮ್ ಫ್ರೇಮ್ ಕೈಯಿಂದಲೇ ಮಾಡುತ್ತೇವೆ. ಬೇಸರದ ಕೆಲಸ, ನಿಜ. ಆದರೆ ಆ ಹನಿಗಳಿಗಾಗಿ ಯಾರೋ ದೀಪ ಇಟ್ಟು ಕಾದಿದ್ದಾರಲ್ವಾ?

ಬಣ್ಣದ ಪ್ರಿಂಟ್‌ಗಳಲ್ಲಿ ಸಯಾನ್ (ಹಸಿರು ಮಿಶ್ರಿತ ನೀಲಿ) ಬಣ್ಣ ಮೊದಲು ಮಾಸುವುದರಿಂದ ಎಲ್ಲವೂ ಗುಲಾಬಿಗೆ ತಿರುಗಿರುತ್ತದೆ. ಎಷ್ಟು ಮಾಸಿದೆ ಎಂದು ರಸಾಯನಶಾಸ್ತ್ರದವರು ಅಂದಾಜು ಕೊಡುತ್ತಾರೆ. ಅದಿಲ್ಲದೆ ಕಣ್ಣಿಗೆ ಚೆಂದ ಕಂಡಂತೆ ಬಣ್ಣ ತುಂಬುವುದು ನನಗೆ ಒಪ್ಪಿಗೆಯಿಲ್ಲ. ಅದು ಹೊಸ ಚಿತ್ರವಾಗುತ್ತದೆ.

ಧ್ವನಿಯದು ಬೇರೆಯೇ ತೊಡಕು. 16 ಎಂಎಂ ಅಗಲದ ಫಿಲ್ಮ್‌ನಲ್ಲಿ ಅಂಚಿನಲ್ಲೇ ಅಚ್ಚಾಗಿರುವ ಧ್ವನಿ ತನ್ನ ಚಿತ್ರಕ್ಕಿಂತ 26 ಫ್ರೇಮ್ ಮುಂದಿರುತ್ತದೆ. ಹರಿದ ಫಿಲ್ಮನ್ನು ಯಾರೋ ಕತ್ತರಿಸಿ ಅಂಟಿಸಿದ್ದರೆ ಚಿತ್ರ ಒಂದು ಕಡೆ ಜಿಗಿಯುತ್ತದೆ, ಮಾತು ಸುಮಾರು ಒಂದು ಸೆಕೆಂಡಿನಾಚೆ ಜಿಗಿಯುತ್ತದೆ. ಎರಡನ್ನೂ ಸರಿಪಡಿಸಲು ಧ್ವನಿಯವರೂ ನಾನೂ ಒಟ್ಟಿಗೇ ಕೂರಬೇಕು.

ಮೂಲ ಸ್ಕ್ಯಾನ್ ಅನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ. 4ಕೆಯಲ್ಲಿ, ಅಂದರೆ ಅಡ್ಡಕ್ಕೆ ಸುಮಾರು ನಾಲ್ಕು ಸಾವಿರ ಚುಕ್ಕಿಗಳ ಸ್ಪಷ್ಟತೆಯಲ್ಲಿ, ಒಂದು ಫ್ರೇಮ್‌ಗೆ ಸುಮಾರು 50 ಎಂಬಿ. ಹನ್ನೊಂದು ನಿಮಿಷದ ರೀಲು 800 ಜಿಬಿ ಆಸುಪಾಸು ಆಗುತ್ತದೆ. ಟೇಪ್‌ಗಳಲ್ಲಿ ಎರಡು ಪ್ರತಿ ಮಾಡಿ ಬೇರೆ ಬೇರೆ ಜಾಗದಲ್ಲಿ ಇಡುತ್ತೇವೆ. ಏನು ತೆಗೆದೆವು, ಏಕೆ ತೆಗೆದೆವು ಎಂಬ ಟಿಪ್ಪಣಿಯೂ ಜೊತೆಗೇ ಹೋಗುತ್ತದೆ. ನಾಳೆ ಬರುವವರು ನಮ್ಮ ತೀರ್ಮಾನ ಒಪ್ಪದಿದ್ದರೆ ಮೊದಲಿನಿಂದ ಮಾಡಬಹುದು.

ಸದ್ಯಕ್ಕೆ ಒಂದು ಮೂಕಿ ರೀಲಿನ ವೇಗದ ಬಗ್ಗೆ ಜಗಳ ನಡೆದಿದೆ. ಕ್ಯಾಮೆರಾದ ಹಿಡಿಕೆಯನ್ನು ಕೈಯಿಂದ ತಿರುಗಿಸಿ ತೆಗೆದ ಚಿತ್ರ ಅದು. ಸೆಕೆಂಡಿಗೆ 18 ಫ್ರೇಮ್ ಇಟ್ಟರೆ ಜನ ಸಹಜವಾಗಿ ನಡೆಯುತ್ತಾರೆ. ಆಗಿನ ಥಿಯೇಟರ್‌ಗಳಲ್ಲಿ ಇನ್ನೂ ಬೇಗ ಓಡಿಸುತ್ತಿದ್ದರು ಎಂಬುದು ಇತಿಹಾಸದವರ ವಾದ. ಮುಂದಿನ ವಾರ ಎರಡೂ ವೇಗದಲ್ಲಿ ದೊಡ್ಡ ಪರದೆಗೆ ಹಾಕಿ, ಎಲ್ಲರೂ ಕೂತು ನೋಡಿ ತೀರ್ಮಾನ ಮಾಡುತ್ತೇವೆ.