ಒಂದೇ ಸುರಂಗ, ಎರಡು ಶೈಲಿ

ನಾನು ಗೇಮ್‌ಗಳಿಗೆ ಚಿತ್ರ ಬರೆಯುವವನು, ಮಾಡೆಲ್ (ಕಂಪ್ಯೂಟರಿನೊಳಗಿನ 3ಡಿ ಆಕಾರ) ಮಾಡುವವನು. ಊರು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಕೋಡಿಂಗ್ ಎಲ್ಲ ನನ್ನ ಭಾವನದ್ದು. ಇಬ್ಬರೂ ಸೇರಿ ನಮ್ಮೂರ ಸುರಂಗಗಳ ಬಗ್ಗೆ ಎರಡು ಸಣ್ಣ ಗೇಮ್ ಮಾಡಿದ್ದೇವೆ. ಮೊದಲನೆಯದು ನೋಡಲು ಫೋಟೋ ಥರ ಇದೆ. ಎರಡನೆಯದು ಪೂರ್ತಿ ಕಾರ್ಟೂನ್. "ಒಂದೇ ಸರಣಿ ಅಲ್ವಾ, ಯಾಕೆ ಹೀಗೆ ಬದಲಾಯಿಸಿದ್ರಿ?" ಎಂದು ಆಡಿದವರು ಕೇಳುತ್ತಲೇ ಇದ್ದಾರೆ. ಉತ್ತರ ಒಂದು ಸಾಲಿನಲ್ಲಿ ಮುಗಿಯುವುದಿಲ್ಲ.

ನಮ್ಮ ಕಡೆ ಸುರಂಗ ಅಂದರೆ ನೀರಿಗಾಗಿ ಗುಡ್ಡದ ಬದಿಯಿಂದ ಅಡ್ಡಕ್ಕೆ ಕೊರೆದ ದಾರಿ. ಒಬ್ಬರು ಬಗ್ಗಿ ನಡೆಯುವಷ್ಟೇ ಜಾಗ. ಮುರಕಲ್ಲಿನ (ತೂತು ತೂತಾದ ಕೆಂಪು ಕಲ್ಲು) ಒಳಗಿಂದ ನೀರು ಜಿನುಗಿ ತನ್ನಷ್ಟಕ್ಕೆ ಹೊರಗೆ ಹರಿದು ಬರುತ್ತದೆ, ಪಂಪು ಬೇಡ. ಬಾಯಾರು, ಎಣ್ಮಕಜೆ ಕಡೆ ಈಗಲೂ ಎಷ್ಟೋ ಅಡಿಕೆ ತೋಟಗಳಿಗೆ ಈ ನೀರೇ ಆಧಾರ. ಅಗೆಯುವವರು ದೀಪ ಹಿಡಿದು ಒಳಗೆ ಹೋಗುತ್ತಾರೆ. ಅದು ಬೆಳಕಿಗೂ ಹೌದು, ಗಾಳಿ ಇದೆಯಾ ಎಂದು ತಿಳಿಯಲೂ ಹೌದು. ದೀಪ ಮಂಕಾಯಿತೋ, ಕೂಡಲೇ ಹೊರಗೆ ಬರಬೇಕು. ನಮ್ಮ ಎರಡೂ ಗೇಮ್‌ಗಳಲ್ಲಿ ಆಟ ಇಷ್ಟೇ: ಗೋಡೆಯಲ್ಲಿ ಒದ್ದೆ ಎಲ್ಲಿದೆ ಎಂದು ಹುಡುಕಬೇಕು, ಅತ್ತ ಅಗೆಯಬೇಕು, ದೀಪದ ಮೇಲೂ ಕಣ್ಣಿಟ್ಟಿರಬೇಕು.

ಮೊದಲ ಗೇಮ್ ಕಂಪ್ಯೂಟರಿಗೆ ಮಾಡಿದ್ದು. ಅದರಲ್ಲಿ ಮನುಷ್ಯರೇ ಕಾಣುವುದಿಲ್ಲ. ಆಡುವವರ ಕಣ್ಣೇ ಕ್ಯಾಮೆರಾ, ಎದುರಿಗೆ ಗೋಡೆ, ಕೈಯಲ್ಲಿ ದೀಪ. ಹೀಗಿರುವಾಗ ಗೋಡೆಯೇ ನಾಯಕ. ಅದಕ್ಕೆ ಗೋಡೆ ನಿಜವಾಗಿರಲಿ ಎಂದು ತೀರ್ಮಾನಿಸಿದೆವು. ಮೋಡ ಕವಿದ ದಿನ ನೋಡಿ ಮುರಕಲ್ಲು ಕಡಿಯುವ ಕಣಿಗಳಲ್ಲಿ, ಮನೆಯ ಹಿಂದೆ ಗುಡ್ಡ ಕಡಿದ ಬರೆಯಲ್ಲಿ ಫೋಟೋ ತೆಗೆದೆ. ಬಿಸಿಲಿದ್ದರೆ ಕಲ್ಲಿನ ತೂತುಗಳ ನೆರಳು ಫೋಟೋದಲ್ಲೇ ಅಂಟಿಕೊಳ್ಳುತ್ತದೆ. ಆಮೇಲೆ ಗೇಮ್‌ನ ಒಳಗೆ ದೀಪ ಆಚೀಚೆ ಆದರೂ ಆ ನೆರಳು ಕದಲುವುದಿಲ್ಲ. ಒಂದೊಂದು ಗೋಡೆಗೂ ಮೂರು ಚಿತ್ರ ಬೇಕು. ಒಂದು ಬಣ್ಣಕ್ಕೆ, ಒಂದು ಉಬ್ಬುತಗ್ಗಿಗೆ (ನಾರ್ಮಲ್ ಮ್ಯಾಪ್), ಇನ್ನೊಂದು ಹೊಳಪಿಗೆ (ರಫ್‌ನೆಸ್ ಮ್ಯಾಪ್). ಈ ಮೂರನೆಯದರಲ್ಲೇ ನಮ್ಮ ಆಟದ ಜೀವ ಇತ್ತು. ಒಣ ಮುರಕಲ್ಲು ಬೆಳಕನ್ನು ಚದುರಿಸುತ್ತದೆ, ಒದ್ದೆ ಕಲ್ಲು ಮಿಂಚುತ್ತದೆ. ದೀಪವನ್ನು ನಿಧಾನಕ್ಕೆ ಆಚೀಚೆ ಮಾಡಿದರೆ ಎಲ್ಲೋ ಒಂದು ಕಡೆ ಚೂರು ಮಿಂಚು ಕಾಣುತ್ತದೆ. ಅಲ್ಲಿ ಅಗೆಯಬೇಕು. ಕತ್ತಲೆ ಕೋಣೆಯಲ್ಲಿ, ದೊಡ್ಡ ಪರದೆಯಲ್ಲಿ ಆಡಿದವರಿಗೆ ಇದು ಬಹಳ ಹಿಡಿಸಿತು. ಈಗಲೂ ಆ ಗೋಡೆಗಳನ್ನು ನೋಡಿದರೆ ನನಗೆ ಖುಷಿಯಾಗುತ್ತದೆ.

ಎರಡನೆಯದನ್ನು ಮೊಬೈಲಿಗೆ ಮಾಡಬೇಕೆಂದು ಹೊರಟೆವು. ನಮ್ಮ ಊರಿನ ಮಕ್ಕಳ ಕೈಯಲ್ಲಿರುವುದು ಮೊಬೈಲೇ. ಅದೂ ಜಾಸ್ತಿ ಬೆಲೆಯದಲ್ಲ. ಬಸ್ ಸ್ಟಾಪಿನ ಬೆಳಕಿನಲ್ಲಿ, ಅಂಗಳದಲ್ಲಿ ಕೂತು ಆಡುತ್ತಾರೆ. ಹಾಗಾಗಿ ಮೊದಲೇ ಒಂದು ಕೆಲಸ ಮಾಡಿದೆವು. ಒಂದೇ ಸುರಂಗವನ್ನು ಎರಡೂ ಶೈಲಿಯಲ್ಲಿ ಕಟ್ಟಿ, ಆ ಫೋನಿಗೇ ಹಾಕಿ, ಅಂಗಳದ ಬಿಸಿಲಿನಲ್ಲಿ ಹಿಡಿದು ನೋಡಿದೆವು. ಫೋಟೋ ಥರದ್ದರಲ್ಲಿ ಮಿಂಚು ಕಾಣಲೇ ಇಲ್ಲ. ಮುರಕಲ್ಲಿನ ತೂತುಗಳೆಲ್ಲ ಒಂದಕ್ಕೊಂದು ಸೇರಿ ಕಂದು ಬಣ್ಣದ ಗೊಜಲಾಗಿ ಕಂಡವು. ಕಾರ್ಟೂನಿನದರಲ್ಲಿ ಒದ್ದೆ ಜಾಗಕ್ಕೆ ಅಂಚು ಗಟ್ಟಿ ಇರುವ ಒಂದು ಕಪ್ಪು ಮಚ್ಚೆ ಹಾಕಿದ್ದೆ. ಅದು ಕೈ ದೂರದಿಂದಲೂ ಕಂಡಿತು.

ತೂಕದ ಲೆಕ್ಕವೂ ಇದೆ. 2048 × 2048 ಅಳತೆಯ ಒಂದು ಚಿತ್ರ, ಕುಗ್ಗಿಸದೆ ಇಟ್ಟರೆ, ಮೆಮೊರಿಯಲ್ಲಿ 16 ಎಂಬಿ. ಗೋಡೆಗೆ ಅಂಥವು ಮೂರು. ಕುಗ್ಗಿಸಿದರೆ ಕಡಿಮೆಯಾಗುತ್ತದೆ ನಿಜ, ಆದರೆ ಕಾರ್ಟೂನಿನ ಗೋಡೆಗೆ ಚಿತ್ರವೇ ಬೇಡ, ನಾಲ್ಕು ಬಣ್ಣ ಸಾಕು.

ಅದು ಹೇಗೆ ಅಂತೀರಾ? ಸಾಮಾನ್ಯವಾಗಿ ಮೇಲ್ಮೈ ಬೆಳಕಿನ ಕಡೆಗೆ ಎಷ್ಟು ತಿರುಗಿದೆ ಎಂದು ಗೇಮ್ ಲೆಕ್ಕ ಹಾಕಿ, ಬೆಳಕಿನಿಂದ ಕತ್ತಲೆಗೆ ನುಣ್ಣಗೆ ಇಳಿಸುತ್ತದೆ. ಕಾರ್ಟೂನ್ ಶೇಡಿಂಗ್‌ನಲ್ಲಿ ಅದೇ ಲೆಕ್ಕವನ್ನು ಮೆಟ್ಟಿಲು ಮಾಡಿ ಕಡಿಯುತ್ತೇವೆ. ಇಷ್ಟರ ತನಕ ಬೆಳಕು, ಇಲ್ಲಿಂದ ಮಬ್ಬು, ಆಮೇಲೆ ಕತ್ತಲೆ. ಮಾಡೆಲ್ ಮಾಡುವ ಸಾಫ್ಟ್‌ವೇರ್ ಬ್ಲೆಂಡರ್‌ನಲ್ಲಿ, ಚಿತ್ರ ಮೂಡಿಸುವ ಅದರ ಈವೀ ಭಾಗದಲ್ಲಿ, ಶೇಡರ್ ಟು ಆರ್‌ಜಿಬಿ ಎಂಬ ನೋಡ್ (ಲೆಕ್ಕದ ಒಂದು ಡಬ್ಬಿ) ಹಾಕಿ, ಅದಕ್ಕೆ ಕಲರ್ ರಾಂಪ್ ಎಂಬ ಬಣ್ಣದ ಪಟ್ಟಿ ಜೋಡಿಸಿ, ಬಣ್ಣಗಳು ಬೆರೆಯದೆ ಮೆಟ್ಟಿಲಾಗಿ ನಿಲ್ಲಲು ಕಾನ್‌ಸ್ಟಂಟ್ ಎಂದು ಇಟ್ಟರೆ ಅಲ್ಲೇ ನೋಡಬಹುದು. ಗೆರೆಗೆ ಹಳೆಯ ಉಪಾಯವೊಂದಿದೆ. ಮಾಡೆಲ್‌ನ ಇನ್ನೊಂದು ಪ್ರತಿ ಮಾಡಿ, ಸ್ವಲ್ಪ ಉಬ್ಬಿಸಿ, ಒಳಮೈ ಹೊರಗೆ ಮಾಡಿ, ಒಂದೇ ಬಣ್ಣ ಹಾಕುವುದು. ಅಂಚಿನಲ್ಲಿ ಅದು ಇಣುಕಿ ಗೆರೆಯಾಗುತ್ತದೆ. ಸುರಂಗದ ಕತ್ತಲೆಯಲ್ಲಿ ಕಪ್ಪು ಗೆರೆ ಮುಳುಗಿಹೋಗುತ್ತದೆ, ಅದಕ್ಕೆ ನಾನು ಹಾಕಿದ್ದು ಒಣಗಿದ ಅಡಿಕೆ ಸಿಪ್ಪೆಯ ಕಂದು.

ಆದರೆ ಶೈಲಿ ಬದಲಾಗಲು ಎಲ್ಲಕ್ಕಿಂತ ದೊಡ್ಡ ಕಾರಣ ಅಗೆಯುವ ಅಜ್ಜ. ಎರಡನೆಯ ಗೇಮ್‌ನಲ್ಲಿ ಮನುಷ್ಯರು ಬಂದರು. ಅಜ್ಜ, ಮಣ್ಣಿನ ಬುಟ್ಟಿ ಎಳೆಯುವ ಮೊಮ್ಮಗಳು. ಗೋಡೆಯನ್ನು ನಿಜದ ಥರ ಮಾಡುವುದು ತಾಳ್ಮೆಯ ಕೆಲಸ, ಮಾಡಬಹುದು. ಮುಖ ಹಾಗಲ್ಲ. ಮನುಷ್ಯನಿಗೆ ತುಂಬ ಹತ್ತಿರ ಬಂದು ಸ್ವಲ್ಪದರಲ್ಲಿ ತಪ್ಪಿದ ಮುಖ ನೋಡಿದರೆ ಮನಸ್ಸಿಗೆ ಕಸಿವಿಸಿ. 1970ರಲ್ಲೇ ಜಪಾನಿನ ಮಸಾಹಿರೊ ಮೋರಿ ರೋಬೋಟುಗಳ ವಿಷಯದಲ್ಲಿ ಇದನ್ನು ಒಂದು ಕಂದಕಕ್ಕೆ ಹೋಲಿಸಿ ಬರೆದಿದ್ದರು. ದೊಡ್ಡ ಸ್ಟುಡಿಯೋಗಳು ನಟರ ಮುಖದ ಚಲನೆಯನ್ನು ಹಿಡಿದು, ತಂಡ ಕಟ್ಟಿ, ಈ ಕಂದಕ ದಾಟುತ್ತವೆ. ಇಬ್ಬರೇ ಇರುವ ನಮಗೆ ಎರಡು ಚುಕ್ಕೆ ಕಣ್ಣು, ಒಂದು ದಪ್ಪ ಹುಬ್ಬು ಇದ್ದರೆ ಅಜ್ಜನ ಸಿಟ್ಟು, ನಗು ಎರಡೂ ಬರುತ್ತದೆ.

ಅಜ್ಜನನ್ನು ದೂರದಿಂದಲೇ ಗುರುತಿಸಬೇಕು. ತಲೆಯ ಮೇಲೆ ಮುಟ್ಟಾಳೆ (ಅಡಿಕೆ ಹಾಳೆಯ ಟೊಪ್ಪಿ), ಹೆಗಲಿಗೆ ಪಿಕ್ಕಾಸು, ಬಾಗಿದ ಬೆನ್ನು. ಒಳಗಿನ ವಿವರ ಎಲ್ಲ ಅಳಿಸಿ ಬರೀ ಕಪ್ಪು ಆಕಾರ ಉಳಿಸಿದಾಗಲೂ ಅವರೇ ಎಂದು ಗೊತ್ತಾಗಬೇಕು. ಇದನ್ನು ನಾನು ಕಲಿತದ್ದು ವಾಲ್ವ್ ಕಂಪನಿಯ ಟೀಮ್ ಫೋರ್ಟ್ರೆಸ್ 2ನಿಂದ, ಎರಡು ತಂಡ ಗುಂಡು ಹಾರಿಸಿ ಕಾದಾಡುವ ಗೇಮ್ ಅದು. 1999ರಲ್ಲಿ ಆ ಗೇಮ್ ತೋರಿಸಿದಾಗ ಅದು ಮಿಲಿಟರಿ ಥರ, ಪೂರ್ತಿ ನಿಜದ ಶೈಲಿ. 2007ರಲ್ಲಿ ಹೊರಬಂದಾಗ ಕಾರ್ಟೂನ್. ಇಪ್ಪತ್ತನೇ ಶತಮಾನದ ಮೊದಲ ದಶಕಗಳ ಅಮೆರಿಕದ ಚಿತ್ರಕಾರರು, ಅದರಲ್ಲೂ ಲೈಯೆಂಡೆಕರ್ ಬರೆದ ಚಿತ್ರಗಳನ್ನು ಮುಂದಿಟ್ಟುಕೊಂಡು ಒಂಬತ್ತು ಪಾತ್ರಗಳಿಗೆ ಒಂಬತ್ತು ಆಕಾರ ಕೊಟ್ಟರು. ಎದುರಿಗೆ ಬರುತ್ತಿರುವುದು ದಡೂತಿ ಹೆವಿಯೋ ಸಣಕಲು ಸ್ಕೌಟೋ ಎಂದು ಅರೆಕ್ಷಣದಲ್ಲಿ ತಿಳಿಯಬೇಕು, ಇಲ್ಲದಿದ್ದರೆ ಆಡುವವ ಸತ್ತ.

ನಮ್ಮೂರಲ್ಲಿ ಜೀವನವಿಡೀ ಸುರಂಗ ಅಗೆದ ಒಬ್ಬ ಅಜ್ಜನಿಗೆ ಅನಿಮೇಶನ್ ತೋರಿಸಿದೆ. ದೊಡ್ಡ ತಲೆ, ಗಿಡ್ಡ ಕಾಲು ನೋಡಿ ಅವರು ಏನೂ ಹೇಳಲಿಲ್ಲ, ನಕ್ಕರಷ್ಟೆ. ಪಿಕ್ಕಾಸು ಬೀಸುವುದನ್ನು ನೋಡಿ ಮಾತ್ರ ತಡೆದರು. "ಮಗಾ, ಹೀಗೆ ತಲೆ ಮೇಲಿಂದ ಬೀಸಲಿಕ್ಕೆ ಒಳಗೆ ಜಾಗ ಎಲ್ಲಿದೆ? ಮೊಣಕೈ ಗೋಡೆಗೆ ಬಡಿಯುತ್ತದೆ" ಎಂದರು. ಅಲ್ಲೇ ಜಗಲಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಮೊಣಕೈ ಪಕ್ಕೆಗೆ ಒತ್ತಿ, ಮಣಿಕಟ್ಟಿನಿಂದಲೇ ಸಣ್ಣ ಸಣ್ಣ ಏಟು ಹಾಕಿ ತೋರಿಸಿದರು. ಏಟಿನ ನಡುವೆ ಎಡಗೈಯಿಂದ ಮಣ್ಣು ಹಿಂದಕ್ಕೆ ಸರಿಸುವುದನ್ನೂ ತೋರಿಸಿದರು. ಆ ಚಲನೆಯನ್ನು ಹಾಗೆಯೇ ಗೇಮ್‌ಗೆ ತಂದೆ. ತಲೆ ಎಷ್ಟು ದೊಡ್ಡದಿದ್ದರೂ ನಡೆಯುತ್ತದೆ, ಕೆಲಸ ಮಾಡುವ ಕೈ ಸುಳ್ಳು ಹೇಳಬಾರದು. ಮೊದಲ ಗೇಮ್‌ಗೂ ಎರಡನೆಯದಕ್ಕೂ ಇರುವ ಸಂಬಂಧ ಅದೇ. ಬಣ್ಣ ಹಚ್ಚುವ ರೀತಿ ಬದಲಾಗಿದೆ, ಸುರಂಗದ ಕೆಲಸ ಬದಲಾಗಿಲ್ಲ.

ಬಿಡುಗಡೆಯಾದ ಮೇಲೆ ಮೊದಲ ಗೇಮ್ ಇಷ್ಟಪಟ್ಟ ಕೆಲವರಿಗೆ ಬೇಜಾರಾಯಿತು. "ಮಕ್ಕಳಾಟ ಮಾಡಿಬಿಟ್ರಿ" ಎಂದರು. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ಇದೇ ಮಾತನ್ನು ಜಪಾನಿನ ಗೇಮ್ ಕಂಪನಿ ನಿಂಟೆಂಡೊ ಕೂಡ ಕೇಳಿದೆ. 2000ದಲ್ಲಿ ತಮ್ಮ ಜೆಲ್ಡಾ ಗೇಮ್ ಸರಣಿಯ ಒಂದು ತುಣುಕು ತೋರಿಸಿದರು, ನಾಯಕ ಲಿಂಕ್ ಮತ್ತು ಖಳ ಗ್ಯಾನನ್‌ಡಾರ್ಫ್ ನಡುವಿನ ಕತ್ತಿಕಾಳಗ, ನಿಜದ ಶೈಲಿಯಲ್ಲಿ. ಎಲ್ಲರೂ ಅದನ್ನೇ ಕಾಯುತ್ತಿದ್ದರು. ಮರುವರ್ಷ ತೋರಿಸಿದ್ದು ದೊಡ್ಡ ಕಣ್ಣಿನ, ಗುಂಡು ಮುಖದ ಕಾರ್ಟೂನ್ ಲಿಂಕ್. ಅಭಿಮಾನಿಗಳು ರೇಗಿದರು. ವಿಂಡ್ ವೇಕರ್ ಎಂಬ ಆ ಗೇಮ್ 2002ರ ಕೊನೆಗೆ ಜಪಾನಿನಲ್ಲಿ ಬಂತು. 2006ರಲ್ಲಿ ಬಂದ ಅದೇ ಸರಣಿಯ ಟ್ವೈಲೈಟ್ ಪ್ರಿನ್ಸೆಸ್ ಮತ್ತೆ ನಿಜದ ಕಡೆಗೆ ವಾಲಿತು. ಇವತ್ತು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ವಿಂಡ್ ವೇಕರ್‌ನ ಕಡಲು, ಗಾಳಿಯ ಬಿಳಿ ಸುಳಿಗಳು ಈಗಲೂ ಹೊಸದಾಗಿ ಕಾಣುತ್ತವೆ. ಟ್ವೈಲೈಟ್ ಪ್ರಿನ್ಸೆಸ್‌ನ ಕಲ್ಲು, ಹುಲ್ಲುಗಳಲ್ಲಿ ಆ ಕಾಲದ ಯಂತ್ರದ ಮಿತಿ ಕಾಣುತ್ತದೆ. ಆದರೂ ಆ ಗೇಮ್‌ನ ಮಬ್ಬು, ಆ ಭಾರ ಕಾರ್ಟೂನ್ ಶೈಲಿಗೆ ಬರುತ್ತಿರಲಿಲ್ಲ. ಎರಡೂ ಜೆಲ್ಡಾವೇ. ನಿಜದ ಶೈಲಿ ಬೇಗ ಹಳತಾಗುತ್ತದೆ ಎಂಬುದು ನಮ್ಮ ಮೊದಲ ಗೇಮ್‌ಗೂ ಅನ್ವಯಿಸುತ್ತದೆ. ಪರವಾಗಿಲ್ಲ, ಅದಕ್ಕೆ ಬೇಕಾದದ್ದು ಆ ಮಿಂಚೇ.

ನೀವೂ ಮಾಡುವವರಾದರೆ ಎರಡು ಪರೀಕ್ಷೆ ಹೇಳುತ್ತೇನೆ. ನಾನು ಇವತ್ತಿಗೂ ಬಿಡದೆ ಮಾಡುವಂಥವು. ಆಟದ ಸ್ಕ್ರೀನ್‌ಶಾಟ್ ತೆಗೆದು ಬಣ್ಣ ಪೂರ್ತಿ ತೆಗೆಯಿರಿ. ಕಪ್ಪುಬಿಳುಪಿನಲ್ಲೂ ಪಾತ್ರ ಹಿನ್ನೆಲೆಯಿಂದ ಬೇರೆಯಾಗಿ ನಿಲ್ಲಬೇಕು. ಆಮೇಲೆ ಅದನ್ನು ಅಂಚೆ ಚೀಟಿಯಷ್ಟು ಚಿಕ್ಕದು ಮಾಡಿ. ಆಡುವವರು ಎಲ್ಲಿ ನೋಡಬೇಕೋ ಅಲ್ಲಿಗೆ ಕಣ್ಣು ಹೋಗುತ್ತದಾ ನೋಡಿ. ಶೈಲಿ ಯಾವುದೇ ಇರಲಿ, ಈ ಎರಡು ಬೇಕೇ ಬೇಕು.

ಮೂರನೆಯ ಗೇಮ್ ಈಗ ನಡೆಯುತ್ತಿದೆ. ಸುರಂಗದಿಂದ ಹೊರಗೆ, ಆಟಿ ತಿಂಗಳ (ತುಳುವರ ಮಳೆಗಾಲದ ತಿಂಗಳು) ಮಳೆಯಲ್ಲಿ. ಶೈಲಿ ಕಾರ್ಟೂನೇ, ಆದರೆ ನೀರಿಗೆ ಮಾತ್ರ ಮೊದಲ ಗೇಮ್‌ನ ಹೊಳಪಿನ ಲೆಕ್ಕ ಸೇರಿಸಿ ನೋಡುತ್ತಿದ್ದೇನೆ. ದಂಬೆಯಲ್ಲಿ (ನೀರು ಸಾಗಿಸುವ ಅಡಿಕೆ ಮರದ ದೋಣಿ) ಹರಿಯುವ ನೀರಿಗೆ ಅದು ಚೆನ್ನಾಗಿ ಕೂತಿದೆ. ಮಳೆ ಇನ್ನೂ ಕೂತಿಲ್ಲ. ಓರೆ ಗೆರೆ ಎಳೆದರೆ ತೆಳ್ಳಗಾಯಿತು, ಹನಿ ಹನಿಯಾಗಿ ಬಿಟ್ಟರೆ ಫೋನು ಬಿಸಿಯಾಗುತ್ತದೆ. ಸದ್ಯಕ್ಕೆ ಗೆರೆಯನ್ನೇ ದಪ್ಪ ಮಾಡಿ, ನೆಲಕ್ಕೆ ಬಿದ್ದಲ್ಲಿ ಬಿಳಿ ಬಳೆಯಂತೆ ಒಂದು ಸಿಡಿತ ಹಾಕಿ ಭಾವನಿಗೆ ಕಳಿಸಿದ್ದೇನೆ.