ಉಭಯ ಬಳಕೆಯ ಸರಕು ಮತ್ತು ತಂತ್ರಜ್ಞಾನ: ರಫ್ತು ನಿಯಂತ್ರಣ ಪಟ್ಟಿಯನ್ನು ಓದುವ ಬಗೆ

ಮೂತ್ರಪಿಂಡದ ಕಲ್ಲನ್ನು ಆಘಾತ ತರಂಗಗಳಿಂದ ಪುಡಿ ಮಾಡುವ ಕೆಲವು ವೈದ್ಯಕೀಯ ಯಂತ್ರಗಳಲ್ಲಿ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದೊಂದು ಸ್ವಿಚ್ ಇರುತ್ತದೆ. ಅದರ ಹೆಸರು ಟ್ರಿಗರ್ಡ್ ಸ್ಪಾರ್ಕ್ ಗ್ಯಾಪ್. ದೊಡ್ಡ ಪ್ರಮಾಣದ ವಿದ್ಯುತ್ತನ್ನು ಮೈಕ್ರೊಸೆಕೆಂಡುಗಳ ಲೆಕ್ಕದಲ್ಲಿ ಹರಿಯಬಿಡುವುದು ಅದರ ಕೆಲಸ. ಅಣ್ವಸ್ತ್ರದ ಸ್ಫೋಟಕಗಳನ್ನು ಸಿಡಿಸುವುದಕ್ಕೂ ಬೇಕಾಗುವುದು ಅದೇ ಗುಣ. ಉಭಯ ಬಳಕೆಯ ಸರಕು ಎಂದರೆ ಇಂಥದ್ದು. ಇವುಗಳ ರಫ್ತಿಗೆ ಸಾಮಾನ್ಯವಾಗಿ ನಿಷೇಧವಿರುವುದಿಲ್ಲ, ಪರವಾನಗಿಯ ಅಗತ್ಯವಿರುತ್ತದೆ. ಯಾವುದಕ್ಕೆ, ಯಾವಾಗ ಎಂಬುದನ್ನು ಕಂಡುಕೊಳ್ಳುವುದೇ ರಫ್ತುದಾರನ ಮುಂದಿರುವ ಕೆಲಸ.

ನಿಯಮಗಳ ಬೇರು ನಾಲ್ಕು ಅಂತರರಾಷ್ಟ್ರೀಯ ಒಕ್ಕೂಟಗಳಲ್ಲಿದೆ. 1974ರ ಪೋಖ್ರಾನ್ ಪರೀಕ್ಷೆಯ ಬಳಿಕ ರೂಪುಗೊಂಡ ಪರಮಾಣು ಪೂರೈಕೆದಾರರ ಗುಂಪು, ಇರಾನ್–ಇರಾಕ್ ಯುದ್ಧದಲ್ಲಿ ರಾಸಾಯನಿಕ ಅಸ್ತ್ರಗಳು ಬಳಕೆಯಾದ ಮೇಲೆ 1985ರಲ್ಲಿ ಹುಟ್ಟಿದ ಆಸ್ಟ್ರೇಲಿಯಾ ಗ್ರೂಪ್, 1987ರ ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ವ್ಯವಸ್ಥೆ ಮತ್ತು ಸಾಂಪ್ರದಾಯಿಕ ಶಸ್ತ್ರಾಸ್ತ್ರ ಮತ್ತು ಉಭಯ ಬಳಕೆಯ ಸರಕುಗಳಿಗೆ ಸಂಬಂಧಿಸಿದ 1996ರ ವಾಸೆನಾರ್ ವ್ಯವಸ್ಥೆ. ಇವು ಯಾವುವೂ ಕಾನೂನುಗಳಲ್ಲ, ಸದಸ್ಯ ದೇಶಗಳ ನಡುವಿನ ಒಪ್ಪಂದಗಳು. ರಫ್ತುದಾರನನ್ನು ಕಟ್ಟಿಹಾಕುವುದು ಅವುಗಳನ್ನು ಆಧರಿಸಿ ಆಯಾ ದೇಶ ಹೊರಡಿಸಿದ ಪಟ್ಟಿ: ಭಾರತದ ಸ್ಕೋಮೆಟ್ (ವಿಶೇಷ ರಾಸಾಯನಿಕ, ಜೀವಿ, ವಸ್ತು, ಉಪಕರಣ ಮತ್ತು ತಂತ್ರಜ್ಞಾನಗಳ ಪಟ್ಟಿ), ಯುರೋಪಿಯನ್ ಒಕ್ಕೂಟದ 2021/821 ನಿಯಮಾವಳಿಯ ಅನುಬಂಧ, ಅಮೆರಿಕದ ವಾಣಿಜ್ಯ ನಿಯಂತ್ರಣ ಪಟ್ಟಿ. ಕ್ರಮಸಂಖ್ಯೆಗಳು ಬೇರೆಯಾದರೂ ಒಳಗಿನ ತಾಂತ್ರಿಕ ಮಿತಿಗಳು ಬಹುಮಟ್ಟಿಗೆ ಒಂದೇ.

ಮೊದಲ ತಪ್ಪು ಸಾಮಾನ್ಯವಾಗಿ ಕಸ್ಟಮ್ಸ್ ಸುಂಕದ ಕೋಡಿನಿಂದ ಆರಂಭವಾಗುತ್ತದೆ. ಸುಂಕದ ಕೋಡು ವಸ್ತು ಏನು ಎಂದು ಹೇಳುತ್ತದೆ. ನಿಯಂತ್ರಣ ಪಟ್ಟಿ ಕೇಳುವುದು ಅದರ ಸಾಮರ್ಥ್ಯ ಎಷ್ಟು ಎಂದು. ಒಂದೇ ಸುಂಕದ ಕೋಡಿನಡಿ ಬರುವ ಎರಡು ಪಂಪುಗಳಲ್ಲಿ ಒಂದಕ್ಕೆ ಪರವಾನಗಿ ಬೇಕಾಗಿ, ಇನ್ನೊಂದಕ್ಕೆ ಬೇಡವಾಗಬಹುದು. ಆದುದರಿಂದ ಈ ಕೆಲಸವನ್ನು ಮಾರಾಟ ವಿಭಾಗಕ್ಕೆ ಬಿಡದೆ, ತಾಂತ್ರಿಕ ವಿವರಪತ್ರವನ್ನು ಓದಬಲ್ಲ ಎಂಜಿನಿಯರ್ ಕೈಗೆ ಕೊಡುವುದು ಲೇಸು.

ಒಂದು ನಮೂದನ್ನು ಹತ್ತಿರದಿಂದ ನೋಡೋಣ. ಯುರೋಪಿನ ಪಟ್ಟಿಯಲ್ಲಿ 1ಸಿ202 ಎಂಬ ಸಂಖ್ಯೆಯಡಿ ಅಲ್ಯೂಮಿನಿಯಂ ಮಿಶ್ರಲೋಹ ಬರುತ್ತದೆ. ಮೊದಲ ಅಂಕಿ 1 ಎಂದರೆ ವಿಶೇಷ ವಸ್ತುಗಳ ವರ್ಗ. ‘ಸಿ’ ಎಂದರೆ ಅದು ಯಂತ್ರವಲ್ಲ, ಕಚ್ಚಾವಸ್ತು (‘ಡಿ’ ತಂತ್ರಾಂಶಕ್ಕೆ, ‘ಇ’ ತಂತ್ರಜ್ಞಾನಕ್ಕೆ). ಇನ್ನೂರರ ಸರಣಿ ಇದು ಪರಮಾಣು ಕಾಳಜಿಯಿಂದ ಬಂದದ್ದೆಂದು ತಿಳಿಸುತ್ತದೆ. ಷರತ್ತುಗಳು ಎರಡು: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 460 ಮೆಗಾಪಾಸ್ಕಲ್ ಅಥವಾ ಹೆಚ್ಚಿನ ಎಳೆತವನ್ನು ತಾಳುವ ಸಾಮರ್ಥ್ಯವಿರಬೇಕು, ಮತ್ತು 75 ಮಿಲಿಮೀಟರಿಗಿಂತ ಹೆಚ್ಚಿನ ಹೊರವ್ಯಾಸದ ಕೊಳವೆ ಅಥವಾ ಉರುಳೆಯ ರೂಪದಲ್ಲಿರಬೇಕು. ಎರಡೂ ಕೂಡಿದರೆ ಮಾತ್ರ ನಿಯಂತ್ರಣ. ಪಟ್ಟಿಯ ಭಾಷೆಯಲ್ಲಿ ‘ಮತ್ತು’, ‘ಅಥವಾ’ಗಳೇ ಯಜಮಾನರು, ಅವುಗಳ ಮೇಲೆ ಕಣ್ಣು ಜಾರಿತೆಂದರೆ ತೀರ್ಮಾನವೇ ತಲೆಕೆಳಗಾಗುತ್ತದೆ. 6061 ದರ್ಜೆಯ ಕೊಳವೆ ಎಷ್ಟೇ ದಪ್ಪವಿದ್ದರೂ 460ರ ಹತ್ತಿರಕ್ಕೆ ಬರುವುದಿಲ್ಲ. 7075 ದರ್ಜೆಯದು ಬರುತ್ತದೆ. ಆದರೆ ಅದನ್ನು ಮೆತ್ತನೆಯ ಹದದಲ್ಲಿ ಮಾರಿದಾಗ 300 ಮೆಗಾಪಾಸ್ಕಲನ್ನೂ ಮುಟ್ಟದೆ ಇರುವುದರಿಂದ, ಇದು ಪಟ್ಟಿಗೆ ಸೇರದು ಎಂದು ಅನೇಕರು ಭಾವಿಸುತ್ತಾರೆ. ನಮೂದಿನ ಕೆಳಗಿನ ತಾಂತ್ರಿಕ ಟಿಪ್ಪಣಿ ಈ ದಾರಿಯನ್ನು ಮುಚ್ಚುತ್ತದೆ: ಸಾಮರ್ಥ್ಯವನ್ನು ಉಷ್ಣ ಸಂಸ್ಕಾರಕ್ಕೆ ಮುಂಚಿನ ಲೋಹಕ್ಕೂ, ಅನಂತರದ ಲೋಹಕ್ಕೂ ಅನ್ವಯಿಸಬೇಕು. ಕೊಂಡವನು ತನ್ನ ಕುಲುಮೆಯಲ್ಲಿ ಹದ ಏರಿಸಿಕೊಳ್ಳಬಲ್ಲನಾದರೆ ಸರಕು ಪಟ್ಟಿಯೊಳಗೇ ಇದೆ. ಟಿಪ್ಪಣಿಗಳನ್ನು ಬಿಟ್ಟು ನಮೂದನ್ನಷ್ಟೇ ಓದುವವರು ಎಡವುವುದು ಇಲ್ಲಿ.

ತಂತ್ರಜ್ಞಾನದ ರಫ್ತಿಗೆ ಹಡಗೂ ಬೇಡ, ಪೆಟ್ಟಿಗೆಯೂ ಬೇಡ. ನಕ್ಷೆಯೊಂದನ್ನು ಇಮೇಲ್ ಮಾಡುವುದು, ಹೊರದೇಶದ ಸಹೋದ್ಯೋಗಿಗೆ ಸರ್ವರಿನ ಕಡತ ತೆರೆಯಲು ಅವಕಾಶ ಕೊಡುವುದು ರಫ್ತಾಗಬಲ್ಲವು. ಅಮೆರಿಕದ ನಿಯಮದಲ್ಲಿ ಆ ದೇಶದೊಳಗೇ ವಿದೇಶಿ ಪ್ರಜೆಯೊಬ್ಬನಿಗೆ ಮಾಹಿತಿ ಕೊಟ್ಟರೂ ಅದನ್ನು ರಫ್ತೆಂದೇ ಪರಿಗಣಿಸಬಹುದು. ಹಾಗೆಂದು ಎಲ್ಲ ಜ್ಞಾನವೂ ನಿಯಂತ್ರಿತವಲ್ಲ. ನಿಯಂತ್ರಿತ ವಸ್ತುವನ್ನು ಅಭಿವೃದ್ಧಿಪಡಿಸಲು, ತಯಾರಿಸಲು ಅಥವಾ ಬಳಸಲು ಅಗತ್ಯವಾದ ನಿರ್ದಿಷ್ಟ ಮಾಹಿತಿಗಷ್ಟೇ ಕಟ್ಟುಪಾಡು. ಈಗಾಗಲೇ ಸಾರ್ವಜನಿಕವಾಗಿರುವ ಮಾಹಿತಿಗೂ ಮೂಲಭೂತ ವೈಜ್ಞಾನಿಕ ಸಂಶೋಧನೆಗೂ ವಿನಾಯಿತಿಯಿದೆ.

ಪಟ್ಟಿಯಲ್ಲಿಲ್ಲ ಎಂದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ. ಸರಕು ಸಾಮೂಹಿಕ ವಿನಾಶದ ಅಸ್ತ್ರಗಳ ಕೆಲಸಕ್ಕೆ ಹೋಗುತ್ತಿದೆ ಎಂಬುದು ತಿಳಿದಿದ್ದರೆ ಅಥವಾ ಅಧಿಕಾರಿಗಳು ಹಾಗೆಂದು ತಿಳಿಸಿದ್ದರೆ, ಪಟ್ಟಿಗೆ ಸೇರದ ವಸ್ತುವಿಗೂ ಪರವಾನಗಿ ಬೇಕಾಗುತ್ತದೆ. ಆದ್ದರಿಂದ ಕೊಳ್ಳುವವನ ಜೊತೆಗೆ ಅಂತಿಮ ಬಳಕೆದಾರ ಯಾರೆಂದು ವಿಚಾರಿಸಬೇಕು, ನಿರ್ಬಂಧಿತರ ಪಟ್ಟಿಗಳಲ್ಲಿ ಇಬ್ಬರ ಹೆಸರನ್ನೂ ಹುಡುಕಬೇಕು. ಆಸ್ಪತ್ರೆಯೊಂದಕ್ಕೆ ಕೆಲವೇ ಸ್ಪಾರ್ಕ್ ಗ್ಯಾಪ್‌ಗಳು ಸಾಕಾಗುವಲ್ಲಿ ಇನ್ನೂರರ ಬೇಡಿಕೆ ಬಂದರೆ, ದುಬಾರಿ ಯಂತ್ರ ಕೊಂಡವರು ಅಳವಡಿಕೆಯೂ ತರಬೇತಿಯೂ ಬೇಡವೆಂದರೆ, ಸಾಗಣೆದಾರನ ವಿಳಾಸವೇ ಅಂತಿಮ ವಿಳಾಸವಾಗಿದ್ದರೆ, ಅಲ್ಲಿಗೇ ನಿಲ್ಲಿಸಿ ಪ್ರಶ್ನಿಸಬೇಕು. ಅಂತಿಮ ಬಳಕೆಯ ಪ್ರಮಾಣಪತ್ರ ಕೈಯಲ್ಲಿದೆ ಎಂಬ ಸಮಾಧಾನ ಸಾಲದು. ಮೋಸ ಮಾಡಲು ಹೊರಟವನು ಮೊದಲು ಸಿದ್ಧಪಡಿಸಿಕೊಳ್ಳುವುದೇ ಆ ಕಾಗದವನ್ನು.

ತೀರ್ಮಾನ ಯಾವುದೇ ಆಗಿರಲಿ, ಬರಹದಲ್ಲಿರಬೇಕು. ‘ಪರವಾನಗಿ ಬೇಡ’ ಎಂಬ ತೀರ್ಮಾನಕ್ಕಂತೂ ಇದು ಹೆಚ್ಚು ಅಗತ್ಯ, ಏಕೆಂದರೆ ಅದನ್ನು ಸಮರ್ಥಿಸಲು ಬೇರೆ ಕಾಗದವೇ ಇರುವುದಿಲ್ಲ. ಯಾವ ನಮೂದನ್ನು ನೋಡಲಾಯಿತು, ಯಾವ ಮಿತಿಗೆ ಯಾವ ಅಳತೆಯನ್ನು ಹೋಲಿಸಲಾಯಿತು, ಯಾರು ಸಹಿ ಹಾಕಿದರು ಎಂಬುದನ್ನು ಒಂದು ಪುಟದಲ್ಲಿ ಬರೆದಿಡಿ. ಯುರೋಪ್ ಮತ್ತು ಅಮೆರಿಕದ ನಿಯಮಗಳು ದಾಖಲೆಗಳನ್ನು 5 ವರ್ಷ ಕಾಪಾಡಲು ಹೇಳುತ್ತವೆ. ಪಟ್ಟಿಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಪುಟದ ತಲೆಯಲ್ಲಿ ನೋಡಿದ ಆವೃತ್ತಿಯ ದಿನಾಂಕವೂ ಇರಲಿ, ಅದೇ ಸರಕಿಗೆ ಮತ್ತೆ ಬೇಡಿಕೆ ಬಂದಾಗ ಹೊಸ ಆವೃತ್ತಿಯನ್ನು ತೆರೆದು ಆ ಅಂಕಿಗಳನ್ನು ಇನ್ನೊಮ್ಮೆ ಹೋಲಿಸಿ.