ಸಾಧನೆ ಬೇಡ, ಪ್ರಶ್ನೆ ತನ್ನಿ: ಜಗಲಿಯ ಕೂಟದ ನನ್ನ ಅನುಭವ

ಸಾಗರ ತಾಲ್ಲೂಕಿನ ನಮ್ಮ ತೋಟದ ಮನೆಯಲ್ಲಿ, ಬೇರೆ ಬೇರೆ ಕ್ಷೇತ್ರಗಳಲ್ಲಿ ನುರಿತವರು ಒಟ್ಟಿಗೆ ತಂಗಿ ಮಾತಾಡುವ ಕೂಟವೊಂದನ್ನು ಕೆಲವು ವರ್ಷಗಳಿಂದ ನಡೆಸುತ್ತಿದ್ದೇನೆ. 1949ರಲ್ಲಿ ಶುರುವಾದ ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್‌ನ ಸಂಸ್ಕೃತಿ ಶಿಬಿರದಲ್ಲಿ ಶಿಬಿರಾರ್ಥಿಯಾಗಿ ಕೂತಿದ್ದ ನನಗೆ, ಅಲ್ಲಿನ ಉಪನ್ಯಾಸಗಳಷ್ಟೇ ಊಟದ ಪಂಕ್ತಿಯ ಮಾತುಗಳೂ ಮನಸ್ಸಿನಲ್ಲಿ ಉಳಿದಿದ್ದವು. ಅಂಥ ಮಾತಿಗೇ ಬಿಡುವು ಮಾಡಿಕೊಡಬೇಕೆಂಬ ಆಸೆಯಿಂದ ಈ ಕೂಟ ಶುರುವಾಯಿತು.

ಅಡಿಕೆ ಸುಗ್ಗಿ ಮುಗಿದ ಮೇಲೆ, ನಮ್ಮ ಜಗಲಿಯಲ್ಲಿ ಹಿಡಿಸುವಷ್ಟೇ ಜನರನ್ನು ಕರೆಯುತ್ತೇನೆ. ಹಾರ, ಶಾಲು, ಮೈಕು ಇರುವುದಿಲ್ಲ. ಒಂದೇ ವೃತ್ತಿಯ ಇಬ್ಬರನ್ನು ಕರೆಯುವುದಿಲ್ಲ. ಅವರಿಬ್ಬರೂ ತಮ್ಮ ಪರಿಭಾಷೆಯಲ್ಲೇ ಮಾತಿಗಿಳಿದರೆ ಉಳಿದವರು ಸುಮ್ಮನಾಗುತ್ತಾರೆ. ಸಾಧನೆಯನ್ನು ಹೇಳುವುದು ಬೇಡ, ತಮಗಿನ್ನೂ ಬಿಡಿಸಲಾಗದ ಒಂದು ಪ್ರಶ್ನೆಯನ್ನು ತನ್ನಿ ಎಂದು ಮೊದಲೇ ಕೇಳಿಕೊಳ್ಳುತ್ತೇನೆ. ಇಡೀ ಕೂಟ ನಿಂತಿರುವುದು ಈ ಕೋರಿಕೆಯ ಮೇಲೆ ಎಂದು ನಾನು ನಂಬಿದ್ದೇನೆ.

ಒಮ್ಮೆ ವೈದ್ಯರೊಬ್ಬರು ಮಂಗನ ಕಾಯಿಲೆಯ ಪ್ರಶ್ನೆ ತಂದರು. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ಉಣುಗಿನ (ಉಣ್ಣೆಯ) ಕಡಿತದಿಂದ ಬರುತ್ತದೆಂದು ಊರಿಗೆಲ್ಲ ಗೊತ್ತಿದ್ದರೂ, ಉಣುಗು ಕಚ್ಚದಿರಲೆಂದು ಹಂಚಿದ ಎಣ್ಣೆಯನ್ನು ಜನ ಏಕೆ ಹಚ್ಚಿಕೊಳ್ಳುವುದಿಲ್ಲ ಎಂಬುದು ಅವರ ಕೊರಗು. ಅಡಿಕೆ ಬೆಳೆಗಾರರೊಬ್ಬರು ಅವರನ್ನು ಕೊಟ್ಟಿಗೆಗೆ ಕರೆದೊಯ್ದು, ದನಗಳ ಕಾಲಡಿ ಹಾಸಿದ್ದ ಒಣ ಎಲೆಗಳನ್ನು ಬೊಗಸೆಯಲ್ಲಿ ಎತ್ತಿ ತೋರಿಸಿದರು. ಈ ದರಗು ಇಲ್ಲದೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ತೋಟವಿಲ್ಲ. ತೋಟಕ್ಕೆ ಸೊಪ್ಪು, ದರಗು ತರುವ ಕಾಡಾದ ಸೊಪ್ಪಿನಬೆಟ್ಟದಲ್ಲಿ ದರಗು ಗುಡಿಸುವ ಬೇಸಿಗೆಯ ದಿನಗಳೇ ಮರಿ ಉಣುಗುಗಳು ಹೆಚ್ಚುವ ದಿನಗಳೂ ಹೌದು. ಪಕ್ಕದಲ್ಲಿದ್ದ ರಂಗನಿರ್ದೇಶಕಿ, "ಗುಡಿಸುವವರು ಯಾರು?" ಎಂದು ಕೇಳಿದರು. ಆ ಪ್ರಶ್ನೆ ನಮ್ಮಲ್ಲಿ ಬೇರೆ ಯಾರಿಗೂ ಹೊಳೆದಿರಲಿಲ್ಲ.

ಮರುದಿನ, ಆ ಕೆಲಸ ಮಾಡುವ ಹಿರಿಯ ಹೆಂಗಸೊಬ್ಬರು ನಮ್ಮ ಜೊತೆ ಜಗಲಿಯಲ್ಲಿ ಕೂತರು. "ಬೆವರಿದ ಕೂಡ್ಲೆ ಎಣ್ಣೆ ಇಳ್ದು ಕಣ್ಣು ಉರೀತದೆ ಡಾಕ್ಟ್ರೇ. ನೀವು ಮೀಟಿಂಗ್ ಮಾಡೋ ಹೊತ್ತಿಗೆ ನಾವು ಬೆಟ್ಟದಾಗಿರ್ತೀವಿ," ಎಂದರು. ವೈದ್ಯರು ಮರುಮಾತಾಡದೆ ಬರೆದುಕೊಂಡರು. ಸಂಜೆ ದರಗು ಗುಡಿಸುವವರ ಮನೆಯ ಅಂಗಳದಲ್ಲೇ ಸಭೆ ಸೇರಿಸಿದರೆ ಹೇಗೆ ಎಂದು ನಿರ್ದೇಶಕಿಯೊಂದಿಗೆ ರಾತ್ರಿಯವರೆಗೂ ಚರ್ಚಿಸಿದರು.

ಅಲ್ಲಿಂದೀಚೆಗೆ ಪ್ರತಿ ಕೂಟಕ್ಕೂ, ಚರ್ಚೆಗೆ ಬರುವ ಕೆಲಸವನ್ನು ಕೈಯಾರೆ ಮಾಡುವವರೊಬ್ಬರನ್ನು ಮೊದಲ ದಿನದಿಂದಲೇ ಕರೆಯುತ್ತೇನೆ. ಅವರ ಆ ದಿನಗಳ ಕೂಲಿಯನ್ನು ಕೂಟದ ಖರ್ಚಿನಲ್ಲೇ ಸೇರಿಸುತ್ತೇನೆ.